ದೋಣಿಯಲ್ಲಿ ಕೂತವನು

೧೬ ನವೆಂಬರ್ ೨೦೨೪, ಶನಿವಾರ, ಹ್ಯೂಸ್ಟನ್

ಮೈಕಿನ ಮುಂದೆ ನಿಂತು ಇವರು ನನಗೆ ಪುಳಿಯೋಗರೆಗಾಗಿ ಥ್ಯಾಂಕ್ಸ್ ಹೇಳಿದರು. ಅದೇ ಇನ್ನೂ ಕೊರೆಯುತ್ತಿದೆ.

ಕನ್ನಡ ಸಂಘದಲ್ಲಿ ಇವತ್ತು ಇವರ ಉಪನ್ಯಾಸ. ವಿಷಯ: ಕಡಲನ್ನೂ ಹಡಗುಗಳನ್ನೂ ಚಿತ್ರಿಸಿದ ಡಚ್ ಕಲಾವಿದರು, ವಿಲೆಮ್ ವಾನ್ ಡ ವೆಲ್ಡ ಎಂಬ ಅಪ್ಪ-ಮಗ. ಎಂಟು ತಿಂಗಳು ಕೂತು ಓದಿದವಳು ನಾನು. ಸ್ಲೈಡು, ಟಿಪ್ಪಣಿ ಎಲ್ಲ ನನ್ನದೇ. ಮೊದಲ ಸ್ಲೈಡಿನಲ್ಲಿ ‘ಶಿವಾನಂದ’ ಎಂದು ಇವರ ಹೆಸರು ಟೈಪ್ ಮಾಡಿದವಳೂ ನಾನೇ. ತೈಲ ಕಂಪನಿಗಳ ಎನರ್ಜಿ ಕಾರಿಡಾರ್‌ನಲ್ಲಿ ಮೂವತ್ತು ವರ್ಷ ಇಂಜಿನಿಯರ್ ಆಗಿದ್ದವರು ಮಾತಾಡಿದರೆ ಜನ ಕೇಳುತ್ತಾರಲ್ಲ!

ಅಪ್ಪ ಯುದ್ಧದ ನಡುವೆ ಪುಟ್ಟ ದೋಣಿಯಲ್ಲಿ ಕೂತು ರೇಖೆ ಎಳೆಯುತ್ತಿದ್ದ, ಅದೇ ಹೆಸರಿನ ಮಗ ಬಣ್ಣ ತುಂಬಿ ಪ್ರಸಿದ್ಧನಾದ ಎನ್ನುವಾಗ ಇವರು ಮಾತು ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಅಲ್ಲಿ ಒಂದು ಕ್ಷಣ ನಿಲ್ಲಿಸಿ ಎಂದು ಬರೆದುಕೊಟ್ಟಿದ್ದೂ ನಾನೇ. ಇಂಗ್ಲೆಂಡಿನ ರಾಜ ಇಬ್ಬರಿಗೂ ಸಮ ಸಂಬಳ ಗೊತ್ತುಮಾಡಿದ ಎಂಬ ಸ್ಲೈಡನ್ನು ಮಾತ್ರ ಹಾರಿಸಿಬಿಟ್ಟರು.

ಊಟದ ಸಾಲಿನಲ್ಲಿ ಸಂಘದ ಹುಡುಗಿ ತನುಶ್ರೀ, “ಅಂಕಲ್ ಎಷ್ಟೊಂದ್ ಓದ್ಕೊಂಡಿದಾರೆ ಆಂಟಿ! ನಿಮ್ಗೂ ಇದ್ರಲ್ಲಿ ಇಂಟರೆಸ್ಟ್ ಇದ್ಯಾ?” ಅಂದಳು. ನಾನು ನಕ್ಕು ಅವಳ ತಟ್ಟೆಗೆ ಇನ್ನೊಂದು ಸೌಟು ಪುಳಿಯೋಗರೆ ಹಾಕಿದೆ.

ಆ ಸ್ಲೈಡ್ ಯಾಕೆ ಬಿಟ್ಟಿರಿ ಎಂದು ಕಾರಿನಲ್ಲಿ ಕೇಳಿದೆ.

“ಟೈಮ್ ಆಗೋಯ್ತು ಕಣೇ. ಆಸ್ಟಿನ್‌ನವ್ರೂ ಕರ್ದಿದಾರೆ, ಹೂಂ ಅಂದ್ಬಿಟ್ಟೆ. ಇನ್ನೊಂದಿಷ್ಟು ಚಿತ್ರ ಸೇರ್ಸ್ಕೊಡು.”

ಬಂದವಳೇ ಸೇರಿಸಲು ಕೂತೆ, ನಾಚಿಕೆಯಿಲ್ಲದೆ. ಆ ಅಪ್ಪ ವೆಲ್ಡನ ಯುದ್ಧಚಿತ್ರವೊಂದು ಸಿಕ್ಕಿತು. ಅಷ್ಟು ಹಡಗು, ಅಷ್ಟು ಹೊಗೆಯ ನಡುವೆ, ದೋಣಿಯಲ್ಲಿ ಕಾಗದ ಹಿಡಿದು ಕೂತ ತನ್ನನ್ನೂ ಅವನು ಚಿಕ್ಕದಾಗಿ ಬರೆದುಕೊಂಡಿದ್ದಾನೆ.

ಅಷ್ಟು ಬುದ್ಧಿಯೂ ನನಗಿರಲಿಲ್ಲ.