ಬೇಕರಿ ಚಿಮಣಿಯ ಕೊನೆಯ ಹಕ್ಕಿ

ಪಪ್ಪಾ,

ನಿಮ್ಮ ಹಕ್ಕಿಗಳು ಇವತ್ತು ಬಂದವು!

ನೀವು ತೀರಿಹೋದ ಮೇಲೆ ಯಾರೂ ಕೂರದ ನಿಮ್ಮ ಪ್ಲಾಸ್ಟಿಕ್ ಕುರ್ಚಿಯನ್ನು ಕುವೈತಿನ ಫಿಂಟಾಸ್‌ನ ನಮ್ಮ ಮನೆಯ ಟೆರೇಸಿನಲ್ಲಿ ಹಾಕಿಕೊಂಡು, ನಾಳೆಯ ಪ್ರೆಸೆಂಟೇಶನ್‌ಗೆ ಹೆದರುತ್ತಾ ಕುಳಿತಿದ್ದೆ. ತಲೆಯೆತ್ತಿದರೆ ಹಳೆ ಬೇಕರಿಯ ಚಿಮಣಿಯ ಸುತ್ತ ನೂರಾರು ಸ್ವಿಫ್ಟ್ ಹಕ್ಕಿಗಳು. ಬೇಕರಿಯನ್ನು ಹೊಸದಾಗಿ ಹಿಡಿದ ಬಾಸಿತ್ ಅಂಕಲ್ ಇವತ್ತೇ ಮೊದಲ ಸಲ ಅದರ ಕಟ್ಟಿಗೆ ಒಲೆ ಹಚ್ಚುವವರಿದ್ದರು.

ಕ್ಲಾಸಿನಲ್ಲಿ ಹಾಜರಿ ಹೇಳಲೂ ಹಿಂಜರಿಯುವ ನಾನು ಮೆಟ್ಟಿಲಿಳಿದು ಓಡಿ, ಬೇಕರಿ ತುಂಬ ಕೇಳುವಂತೆ ಕೂಗಿದೆ: “ಅಂಕಲ್, ಸ್ಟಾಪ್! ಬೆಂಕಿ ಹಚ್ಬೇಡಿ!”

“ಎಂಥ ಮಾರಾಯ್ತಿ, ಖುಬ್ಬೂಸ್ ರೊಟ್ಟಿ ನಿನ್ನ ತಲೆ ಮೇಲೆ ಸುಡ್ಲಿಕ್ಕುಂಟಾ?”

“ಚಿಮಣಿಯೊಳಗೆ ಹಕ್ಕಿ ಮಲಗ್ತವೆ. ಮೇಲೆ ಬಂದು ನೋಡಿ, ಪ್ಲೀಸ್, ಜಸ್ಟ್ ಒನ್ಸ್.”

ಬೆಂಕಿಪೆಟ್ಟಿಗೆ ಹಿಡಿದುಕೊಂಡೇ ಬಂದರು. ಹೊಗೆ ವಾಪಸ್ ಒಲೆಗೆ ಹೋಗುವ ಹಾಗೆ ಹಕ್ಕಿಗಳು ಒಳಗಿಳಿಯುತ್ತಿದ್ದವು.

“ನಿನ್ನ ಪಪ್ಪಾ, ಬೊನವೆಂಚರ್ ಭಾಯಿ, ಇದನ್ನೇ ಹೇಳ್ತಿದ್ರು. ನಾನು ಬಂಡಲ್ ಅಂತ ನಗ್ತಿದ್ದೆ,” ಎಂದರು. “ಖಲಾಸ್. ಇವು ಹೋಗುವವರೆಗೆ ಗ್ಯಾಸ್ ಒಲೆಯೇ ಸಾಕು.”

ನಾನೂ ಅಷ್ಟೇ, ಪಪ್ಪಾ. ನಾನು ಊರಿನಲ್ಲಿ ಓದುತ್ತಿದ್ದಾಗ, ಪ್ರತಿ ಭಾನುವಾರ ಹಾಸ್ಟೆಲ್‌ಗೆ ಫೋನ್ ಮಾಡಿ ನೀವು ಈ ಹಕ್ಕಿಗಳ ಸುದ್ದಿ ತೆಗೆಯುತ್ತಿದ್ದಿರಿ. “ಓಕೆ ಪಪ್ಪಾ, ಬೆಲ್ ಆಯ್ತು,” ಎನ್ನುತ್ತಿದ್ದೆ.

ಕೊನೆಯ ಹಕ್ಕಿ ಯಾವಾಗಲೂ ಒಂದು ಸುತ್ತು ಹೆಚ್ಚು ಹೊಡೆಯುತ್ತದೆ ಎಂದಿದ್ದಿರಲ್ಲ? ನಿಜ ಪಪ್ಪಾ! ಅದು ಸುತ್ತಿ ಬಂದು ಒಳಗೆ ಧುಮುಕಿದಾಗ ನಾವಿಬ್ಬರೂ ಗೋಲ್ ಹೊಡೆದವರಂತೆ ಕೂಗಿದೆವು. ಈಗ ಅಂಕಲ್ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಾರೆ, “ನಾಳೆ ಸಂಜೆ ಬನ್ನಿ, ಬೊನವೆಂಚರ್ ಭಾಯಿಯ ಹಕ್ಕಿ ತೋರಿಸ್ತೇನೆ.”

ಪ್ರೆಸೆಂಟೇಶನ್‌ನ ಟಾಪಿಕ್ ಬದಲಾಯಿಸಿದ್ದೇನೆ. ನಾಳೆ ಇಡೀ ಕ್ಲಾಸಿಗೆ ಇದನ್ನೇ ಹೇಳುತ್ತೇನೆ. ಬೆಲ್ ಆದರೂ ನಿಲ್ಲಿಸುವುದಿಲ್ಲ.

ನಿಮ್ಮ ವೆಲಿಟಾ