ಹಂಡೆಗೊಂದು ನಲ್ಲಿ

ಡುಲೂತ್, ಮಿನ್ನೆಸೋಟ
ನವೆಂಬರ್ ೧೮, ಮಂಗಳವಾರ

ನನ್ನ ಮೇಲೆ ಇನ್ನೂ ಕುದಿಯುತ್ತಿರುವ ಡೆಲ್‌ಗೆ,

ನೀನಾದರೂ ಕುದಿಯುತ್ತಿದ್ದೀಯಲ್ಲ, ಸಂತೋಷ. ನನ್ನ ಗ್ಯಾರೇಜಿನಲ್ಲಿ ಮಾರ್ಚ್ ತಿಂಗಳಿನಿಂದ ಏನೂ ಕುದಿದಿಲ್ಲ. ಅಕ್ಷರ ದುಂಡಾಗಿದೆ ಎಂದು ಆಶ್ಚರ್ಯಪಡಬೇಡ. ಈ ವಯಸ್ಸಿನಲ್ಲಿ ಬೇರೇನೂ ಸುಧಾರಿಸುವ ಹಾಗಿಲ್ಲದ್ದರಿಂದ ಅಕ್ಷರವನ್ನಾದರೂ ತಿದ್ದಿಕೊಂಡಿದ್ದೇನೆ.

ಮೊದಲು ಸುದ್ದಿ. ಹಂಡೆಗೆ ತೂತು ಕೊರೆದೆ. ಹೌದು, ಬಿಯರ್ ಕುದಿಸುತ್ತಿದ್ದ ನಮ್ಮ ಹಂಡೆಗೇ. ಹಳೆಯ ಬಿಯರ್ ಪೀಪಾಯಿಯ ತಲೆ ಹಾರಿಸಿ, ಇಬ್ಬರೂ ಸರದಿಯ ಮೇಲೆ ಅಂಚು ಉಜ್ಜಿ ಉಜ್ಜಿ ಮಾಡಿದ ಆ ಸ್ಟೀಲ್ ಹಂಡೆಗೆ, ತಳದಿಂದ ನಾಲ್ಕು ಬೆರಳು ಮೇಲೆ. ನಲ್ಲಿ ಕೂರಿಸೋಣವೆಂದು. ನಲ್ಲಿ ಬೇಕು ಎಂದು ನೀನು ಎಷ್ಟೋ ಸಲ ಹೇಳಿದ್ದೆ, ನಾನು ಪ್ರತಿಸಲವೂ ಒಂದೇ ಉತ್ತರ ಕೊಡುತ್ತಿದ್ದೆ: "ಎರಡು ಹಿಡಿ ಇದೆ, ಇಬ್ಬರಿದ್ದೀವಿ, ಎತ್ತಿ ಬಗ್ಗಿಸೋದು ಬಿಟ್ಟು ಹಸು ಕರೆದ ಹಾಗೆ ಕರೀತಾ ಕೂತ್ಕೋಬೇಕೇನೋ?" ಈಗ ನಾನೇ ಕರೆಯಲು ಹೊರಟಿದ್ದೇನೆ. ಯಾಕೆ ಎಂದು ಕೇಳಬೇಡ. ಸೋಮಾರಿತನ ಎಂದುಕೋ.

ಹಾರ್ಡ್‌ವೇರ್ ಅಂಗಡಿಯವನು ಅರ್ಧ ಇಂಚಿನ ವಾಲ್ವು, ಎರಡು ನಟ್ಟು, ಒಂದು ಸಿಲಿಕೋನ್ ವಾಷರು ಎದುರಿಗಿಟ್ಟು, "ಬಚ್ಚಲಿಗಾ ಸಾರ್, ಅಡುಗೆಮನೆಗಾ?" ಎಂದ. "ಎದೆಗೆ ಕಣಪ್ಪ, ಅಲ್ಲಿಂದ ತುಂಬಾ ದಿನದಿಂದ ಏನೂ ಹೊರಗೆ ಬಂದಿಲ್ಲ" ಎಂದೆ. ಅವನು ನಗಲಿಲ್ಲ. ನೀನಿದ್ದಿದ್ದರೆ ಬೈಯುತ್ತಲೇ ನಗುತ್ತಿದ್ದೆ.

ಕೊರೆಯುವುದೇನೋ ಆಯಿತು. ಡ್ರಿಲ್ಲನ್ನು ಎದೆಗೆ ಒತ್ತಿಕೊಂಡು ಕೊರೆದೆ. ಆಮೇಲೆ ನಲ್ಲಿಯ ಥ್ರೆಡ್ಡಿಗೆ ಸೋರದ ಹಾಗೆ ಟೇಪು ಸುತ್ತಿ, ತೂತಿಗೆ ಸೇರಿಸಿ ತಿರುಗಿಸಿದೆ. ತಣ್ಣೀರು ತುಂಬಿಸಿದರೆ ನಲ್ಲಿಯ ಬಾಯಿ ಬಿಟ್ಟು ಉಳಿದೆಲ್ಲ ಕಡೆಯಿಂದ ನೀರು. ಬಿಚ್ಚಿ ನೋಡಿದರೆ ಟೇಪು ಹಾವಿನ ಪೊರೆಯ ಹಾಗೆ ಕಳಚಿಕೊಂಡು ಬಂತು. ಉಲ್ಟಾ ಸುತ್ತಿದ್ದೆ. ಎಡಗೈಯಲ್ಲಿ ಸುತ್ತಿದರೆ ಹಾಗೇ ಆಗುತ್ತದೆ. ಬಲಗೈಯಲ್ಲಿ ಬಿಯರ್ ಬಾಟ್ಲಿಯಿತ್ತು, ನಿನಗೆ ನನ್ನ ಆದ್ಯತೆಗಳು ಗೊತ್ತು.

ಎರಡನೆಯ ಸಲ ಟೇಪು ಸರಿಯಾಯಿತು, ವಾಷರು ಕೈಕೊಟ್ಟಿತು. ಹೊರಗಿನಿಂದ ಬಿಗಿ ಮಾಡಿದಂತೆಲ್ಲ ಒಳಗಿನ ನಟ್ಟೂ ಜೊತೆಗೇ ತಿರುಗುತ್ತದೆ, ವಾಷರು ಹಿಂಡಿಕೊಂಡು ನಾಲಿಗೆ ಚಾಚುತ್ತದೆ. ಒಂದು ಕೈ ಹೆಗಲಿನವರೆಗೂ ಹಂಡೆಯೊಳಗೆ ಹೋಗಿ ಸ್ಪ್ಯಾನರಿನಿಂದ ನಟ್ಟನ್ನು ಅಲುಗದಂತೆ ಹಿಡಿಯಬೇಕು, ಇನ್ನೊಂದು ಕೈ ಹೊರಗೆ ತಿರುಗಿಸಬೇಕು. ಒಳಗೊಂದು ನಟ್ಟು, ಹೊರಗೊಬ್ಬ ನಟ. ನಟನ ತೋಳು ಸ್ವಲ್ಪ ಗಿಡ್ಡ, ಅಷ್ಟೇ. ಸ್ಪ್ಯಾನರು ಹಂಡೆಯೊಳಗೆ ಬಿದ್ದು ಗಂಟೆ ಹೊಡೆದಾಗಲೆಲ್ಲ ಪಕ್ಕದ ಮನೆಯ ಮಾರ್ಜರಿ ಬೇಲಿಯಾಚೆಯಿಂದ, "ರೀ ಆರಿನ್, ಅದೇನು ಗ್ಯಾರೇಜೋ, ಚರ್ಚೋ?" ಎನ್ನುತ್ತಾರೆ. ನೆನಪಿದೆಯಲ್ಲ, ನಿವೃತ್ತ ಟೀಚರು, ನಾವು ಬಾರ್ಲಿಯ ಮಾಲ್ಟ್ ಕುದಿಸಿದ ದಿನ ಕಿಟಕಿಗಳನ್ನೆಲ್ಲ ಮುಚ್ಚಿಕೊಳ್ಳುತ್ತಿದ್ದರು. ಬಹಳ ಒಳ್ಳೆಯ ಹೆಂಗಸು. ಹೀಗೆ ಹೇಳಲೇಬೇಕಾದ ಪರಿಸ್ಥಿತಿಯಲ್ಲಿದ್ದೇನೆ.

ಮೂರನೆಯ ಸಲವೂ ಸೋರಿತು. ನಾಲ್ಕನೆಯ ಸಲದ ಮೇಲೆ ನಾನು ಎಣಿಸಿಲ್ಲ.

ಈಗ ನನ್ನ ಸ್ಥಿತಿ ನೋಡು. ತೂತಿಲ್ಲದ ಹಂಡೆಯನ್ನು ಎತ್ತಲು ಇನ್ನೊಬ್ಬ ಬೇಕಿತ್ತು. ತೂತಿರುವ ಹಂಡೆ ನೀರನ್ನೂ ಹಿಡಿಯುವುದಿಲ್ಲ. ಇನ್ನು ಹಿಲ್ಡಾ. ನಮ್ಮ ಮೊದಲ ಬಿಯರಿನ ತಳದಿಂದ ತೆಗೆದಿಟ್ಟ ಆ ಯೀಸ್ಟಿನ ಸೀಸೆಗೆ ನೀನೇ ಹೆಸರಿಟ್ಟೆ, ಪ್ರತಿಸಲ ಒಂದಿಷ್ಟು ಉಳಿಸಿ ಮುಂದಿನ ಹಂಡೆಗೆ ಹೆಪ್ಪು ಹಾಕಿದೆವು. ಫ್ರಿಜ್ಜಿನಲ್ಲಿ ಕಂದು ಬಣ್ಣಕ್ಕೆ ತಿರುಗಿ ಮಲಗಿದ್ದಾಳೆ. ಸಣ್ಣ ಪಾತ್ರೆಯಲ್ಲಿ ಮಾಲ್ಟಿನ ಗಂಜಿ ಕಾಯಿಸಿ ಎರಡು ಸಲ ಕುಡಿಸಿದೆ. ಮೊದಲ ಸಲ ನೊರೆಯೆದ್ದಳು. ಎರಡನೆಯ ಸಲ ನಾಲ್ಕು ಗುಳ್ಳೆ ಬಿಟ್ಟು ಸುಮ್ಮನಾದಳು. ಈ ವಾರದಲ್ಲಿ ಒಂದು ಹಂಡೆ ತುಂಬ ಊಟ ಸಿಕ್ಕದಿದ್ದರೆ ಅವಳು ಏಳುವುದಿಲ್ಲ. ಅಂಗಡಿಯಲ್ಲಿ ಬೇರೆ ಯೀಸ್ಟು ಸಿಗುತ್ತದೆ, ಗೊತ್ತು. ಬೇರೆ ಯೀಸ್ಟಿನ ಬಿಯರು ಮಾಡುವುದಾದರೆ ಬಿಯರನ್ನೇ ಅಂಗಡಿಯಿಂದ ತರಬಹುದು.

ಆ ಮಾರ್ಚಿನ ಶನಿವಾರದ ಮಾತು ತೆಗೆಯಬಾರದೆಂದಿದ್ದೆ. ತೆಗೆಯುತ್ತೇನೆ. ನನ್ನ ಕಡೆಯ ಹಿಡಿ ಜಾರಿತು, ಕುದಿಯುವ ಕಷಾಯವೆಲ್ಲ ಮನೆಮುಂದಿನ ಇಳಿಜಾರಿನಲ್ಲಿ ಹರಿಯಿತು, ನಿನ್ನ ಬೂಟು ದಪ್ಪವಿದ್ದದ್ದರಿಂದ ಪಾದ ಉಳಿಯಿತು. ನಾನು ನಗುತ್ತಾ, "ರಸ್ತೆಗೂ ಬಾಯಾರಿತ್ತು ಕಣೋ" ಎಂದೆ. ನೀನು ಬೂಟು ಬಿಚ್ಚಿ ಹಿಮಕ್ಕೆ ಕಾಲಿಟ್ಟುಕೊಂಡು, "ಕುಡಿದು ಹಂಡೆ ಮುಟ್ಟೋನ ಜೊತೆ ನಾನು ಇನ್ನು ನಿಲ್ಲಲ್ಲ" ಎಂದೆ. ಮಾರನೆಯ ದಿನ ಬಂದು ಮುಚ್ಚಳ, ಉದ್ದ ಸೌಟು, ಥರ್ಮಾಮೀಟರು ಒಯ್ದೆ. ವಿಚ್ಛೇದನದಲ್ಲಿ ಮಕ್ಕಳನ್ನು ಹಂಚಿಕೊಂಡ ಹಾಗೆ. ನಿನ್ನ ಮನೆಯಲ್ಲಿ ಹಂಡೆಯಿಲ್ಲದ ಮುಚ್ಚಳ, ನನ್ನಲ್ಲಿ ಮುಚ್ಚಳವಿಲ್ಲದ ಹಂಡೆ. ಕುಡಿದಿದ್ದೆನೆಂದೇ ಇಟ್ಟುಕೋ. ಅದು ನನ್ನ ಮರ್ಯಾದೆಗೆ ಹೆಚ್ಚು ಹೊಂದುತ್ತದೆ.

ಕ್ಷಮೆ ಕೇಳಲು ಬರೆಯುತ್ತಿಲ್ಲ. ಹರಟೆಗೂ ಬರಬೇಡ. ಬಾ, ಹಂಡೆಯೊಳಗೆ ಕೈ ಇಡು, ನಟ್ಟು ಹಿಡಿ, ಹೋಗು. ಮಾತಾಡಲೇಬೇಕೆಂದಿಲ್ಲ. ಬೇಕಾದರೆ ನಾನೂ ಜೋಕು ಮಾಡುವುದಿಲ್ಲ. ನನ್ನ ಬಾಯಿಂದ ಈ ಮಾತು ಬಂದಿದೆಯೆಂದರೆ ಎಷ್ಟು ಕೆಟ್ಟಿದ್ದೇನೆಂದು ಲೆಕ್ಕ ಹಾಕು.

ಹಿಡಿಯ ಈ ಕಡೆ ಇನ್ನೂ ನಿಂತಿರುವ,
ಆರಿನ್ ಟಾಲೆಫ್ಸನ್

ತಾ.ಕ.: ಮಿಸ್ಟರ್ ಡೆಲ್ ಕಂಗಾಸ್ ಅವರೇ, ಇದನ್ನು ಬರೆಯುತ್ತಿರುವವಳು ಮಾರ್ಜರಿ. ಮೇಲಿನದೆಲ್ಲ ಆರಿನ್ ಅವರು ಹೇಳಿದ್ದು, ನಾನು ಬರೆದುಕೊಂಡದ್ದು. ಈಗ ಅಂಚೆಚೀಟಿ ಹುಡುಕಲು ಒಳಗೆ ಹೋಗಿದ್ದಾರೆ, ಅದಕ್ಕೇ ಈ ಅವಸರದ ನಾಲ್ಕು ಸಾಲು. ಬಲಗೈಯಲ್ಲಿ ಯಾವ ಬಾಟ್ಲಿಯೂ ಇರಲಿಲ್ಲ. ಆ ಕೈ ಈಗ ಚಮಚವನ್ನೂ ಸರಿಯಾಗಿ ಹಿಡಿಯುವುದಿಲ್ಲ. ಮಾರ್ಚಿಗೆ ಮುಂಚೆಯೇ ನಡುಗಲು ಶುರುವಾಗಿತ್ತಂತೆ. ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದಾರೆ, ಅದು ವಾಸಿಯಾಗುವ ಕಾಯಿಲೆಯಲ್ಲ. ಅಂದು ಅವರು ಕುಡಿದಿರಲಿಲ್ಲ. ಕಾಗದದಲ್ಲಿ ಇದನ್ನೂ ಸೇರಿಸೋಣವೆಂದೆ. "ಮರುಕಪಟ್ಟು ಬರೋ ಡೆಲ್ ನಂಗೆ ಬೇಡ ರೀ, ಸಿಟ್ಟು ಮಾಡ್ಕೊಂಡಾದ್ರೂ ಬರಲಿ" ಎಂದರು. ಸಹಿಯನ್ನು ಮಾತ್ರ ಅವರೇ ಮಾಡಿದ್ದು, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು. ಅದನ್ನು ಒಮ್ಮೆ ನೋಡಿ.

ನನಗೂ ಬಿಯರಿಗೂ ಆಗಿಬರುವುದಿಲ್ಲ, ನಿಮಗೆ ಗೊತ್ತು. ಆದರೂ ನಿನ್ನೆ ಅಂಗಿಯ ತೋಳು ಮಡಿಸಿಕೊಂಡು ಹೋಗಿ, ಒಳಗಿನ ಸ್ಪ್ಯಾನರು ನಾನು ಹಿಡಿಯುತ್ತೇನೆ ಎಂದೆ. ಅವರು ಹಂಡೆಗೆ ಅಡ್ಡ ನಿಂತು, "ಬೇಡ ರೀ, ಆ ಕಡೆ ಡೆಲ್‌ದು" ಎಂದರು.

ಬರುವಾಗ ಮುಚ್ಚಳ ತನ್ನಿ.