ರೂಟರ್ ಮುಟ್ಟಬೇಡ

ಮುತ್ತಪ್ಪಣ್ಣಾ,

ರೊಟ್ಟಿ ಬುಟ್ಟಿಯಲ್ಲಿವೆ, ಬದನೆಕಾಯಿ ಪಲ್ಯ ಬಿಸಿ ಮಾಡಿಕೋ. ರೂಟರ್ ಮಾತ್ರ ಮುಟ್ಟಬೇಡ.

ನಿನ್ನೆ ಊಟಕ್ಕೆ ಕುಂತಾಗ ಅಂದೆಯಲ್ಲ, "ಧಾರವಾಡದಾಗ ಗೊಂಬಿ ಕುಣಸೂ ಸಾಲಿ ಹುಡುಕಾಕತ್ತೀಯಂತ, ಕನಸು ಕಾಣೂದು ಸಾಕು" ಅಂತ. ಅನಿಮೇಷನ್ ಕಲಿಯುವ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದವನು ನಮಗೆ ಇಂಟರ್ನೆಟ್ ಕೊಟ್ಟ ನಿನ್ನ ಗೆಳೆಯ ಭೀಮಶಿ. ಯಾವ ಸೈಟ್ ತೆರೆಯಬೇಕಾದರೂ ಅದರ ವಿಳಾಸವನ್ನು, ಅಂಥ ವಿಳಾಸಗಳ ಪಟ್ಟಿ ಇಟ್ಟುಕೊಂಡಿರುವ ಅವನ ಡಿಎನ್‌ಎಸ್ ಬಳಿಯೇ ಕೇಳಬೇಕಿತ್ತು. ಆಯಿ ಹೇಳುತ್ತಿದ್ದ ಕಥೆಯ ರಾಜಕುಮಾರಿ ಅರಮನೆಯ ಗಿಳಿಯನ್ನೇ ದಾರಿ ಕೇಳಿದ ಹಾಗೆ. ಗಿಳಿ ಹೋಗಿ ರಾಜನಿಗೆ ಹೇಳಿತು.

ರೂಟರಿನಲ್ಲಿ ನಾನು ಗಿಳಿ ಬದಲಿಸಿದ್ದೇನೆ. ಎರಡು ಸಾರ್ವಜನಿಕ ಡಿಎನ್‌ಎಸ್ ಹಚ್ಚಿ ನೋಡಿದೆ. ಒಂದು ಬಲು ಚುರುಕು, ಆದರೆ ಕೇಳಿದ್ದನ್ನು ಬರೆದಿಟ್ಟುಕೊಳ್ಳುತ್ತದೆ. ಇನ್ನೊಂದು ಕೂದಲೆಳೆಯಷ್ಟು ನಿಧಾನ, ಆದರೆ ಏನನ್ನೂ ಇಟ್ಟುಕೊಳ್ಳುವುದಿಲ್ಲವೆಂದು ಮಾತು ಕೊಟ್ಟಿದೆ. ಅದನ್ನೇ ಹಾಕಿದೆ, ನಾವು ಕೇಳುವುದು ನಡುದಾರಿಯಲ್ಲಿ ಭೀಮಶಿಗೂ ಕಾಣದಂತೆ ಗುಟ್ಟಿನ ಲಿಪಿಯಲ್ಲಿ ಹೋಗುತ್ತದೆ. ನಿನ್ನ ಕ್ರಿಕೆಟ್ಟಿಗೆ ತೊಂದರೆಯಿಲ್ಲ, ಭೀಮಶಿಯದಕ್ಕಿಂತ ಬೇಗ ತೆರೆಯುತ್ತದೆ.

ಅವನು ಬಂದು "ಸೆಟ್ಟಿಂಗ್ ಕೆಟ್ಟೈತಿ, ಸರಿ ಮಾಡ್ತೇನಿ" ಅಂದರೆ ಚಹಾ ಕೊಟ್ಟು ಕಳಿಸು. ಪಾಸ್‌ವರ್ಡ್ ಕೇಳಿದರೆ ಗೊತ್ತಿಲ್ಲ ಅನ್ನು. ಸುಳ್ಳೇನಲ್ಲ, ಅದನ್ನೂ ಬದಲಿಸಿದ್ದೇನೆ.

ನಾನು ಏನು ನೋಡುತ್ತೇನೆ ಅಂತ ತಿಳಿಯಬೇಕಾದರೆ ನನ್ನನ್ನೇ ಕೇಳು, ಮುಚ್ಚಿಡುವುದಿಲ್ಲ. ಇವತ್ತು ನೋಡಿದ್ದು ಧಾರವಾಡದ ಬಸ್ಸಿನ ವೇಳೆ. ಅದೇ ಬಸ್ಸಿಗೆ ಹೊರಟಿದ್ದೇನೆ. ಆ ಸಾಲಿಗೆ ಹೆಸರು ಹಚ್ಚಿಯೇ ಬರುತ್ತೇನೆ.

ಪೂನಮ್